ಟೆರೇಟಿಯಾಳ ಗುಂಡಿಯ ನೀರು

ಬೆಳಗಾದರೆ ಸಾಕು, ಟೆರೇಟಿಯಾ ಮುಖ ತೊಳೆಯುವ ಮೊದಲೇ ಬಬಾಯ್ ಗುಂಡಿಗೆ ಇಳಿಯುತ್ತಿದ್ದಳು. ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದಳು. ಉಪ್ಪು. ನಿನ್ನೆಗಿಂತ ಕಡಿಮೆಯೋ ಹೆಚ್ಚೋ? ನಾಲಿಗೆಯನ್ನು ನಂಬದೆ ಇನ್ನೊಮ್ಮೆ ನೆಕ್ಕುವಳು. ಭಯ ಹೊಕ್ಕ ಬಾಯಿಗೆ ಎಳನೀರೂ ಉಪ್ಪೇ.

ಮರಾಕೇಯಿ ದ್ವೀಪದಲ್ಲಿ ಮಣ್ಣೆಂದರೆ ಹವಳದ ಪುಡಿ. ಅದನ್ನು ಆಳುದ್ದ ಅಗೆದರೆ ಸಿಹಿನೀರು ಸಿಗುತ್ತದೆ. ಆ ನೀರಿನಲ್ಲಿ ಬೇರೂರಿ ನಿಲ್ಲುವ ದೈತ್ಯ ಕೆಸುವೇ ಬಬಾಯ್. ಅದರ ಗೆಡ್ಡೆ ಬಡಿಸದ ಮದುವೆಯನ್ನು ಯಾರೂ ಮದುವೆ ಎನ್ನುವುದಿಲ್ಲ. ಗೆಡ್ಡೆ ಕಿತ್ತ ದಿನ ಅದರ ತಲೆಯನ್ನು ಕೊಯ್ದು ಮತ್ತೆ ಅಲ್ಲೇ ನೆಡುತ್ತಾರೆ, ಬೀಜದ ಗೊಡವೆಯೇ ಇಲ್ಲ. ಹಾಗಾಗಿ ಟೆರೇಟಿಯಾಳ ಮುತ್ತಜ್ಜ ನೆಟ್ಟ ಗಿಡವೇ ಆ ಗುಂಡಿಯಲ್ಲಿ ಇನ್ನೂ ಬದುಕಿತ್ತು. ನೋಡಿಕೊಳ್ಳುವ ಮನುಷ್ಯರು ಮಾತ್ರ ಬದಲಾಗಿದ್ದರು.

ಅವಳು ಚಿಕ್ಕವಳಿದ್ದಾಗ ಅಪ್ಪ ಗುಂಡಿಯ ಅಂಚಿನಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. "ಎಲೆ ಅಂದ್ರೆ ಅಡುಗೆಮನೆ ಮಗಳೇ, ಬಿಸಿಲೇ ಅದಕ್ಕೆ ಒಲೆ. ಬೇರು ನೀರು ಹೊರೋ ಆಳು. ಗೆಡ್ಡೇನ ಬೇರು ಅಂದ್ಕೋಬೇಡ, ಅದು ಕಾಂಡ. ಉಂಡು ಮಿಕ್ಕಿದ್ದನ್ನೆಲ್ಲ ಅಲ್ಲಿ ಕೂಡಿಡತ್ತೆ."

ಇಷ್ಟನ್ನು ಎಲ್ಲರೆದುರು ಹೇಳುತ್ತಿದ್ದ. ಆದರೆ ಯಾವ ಮರದ ಎಲೆಯನ್ನು ಎಷ್ಟು ಒಣಗಿಸಿ, ಯಾವುದರ ಮೇಲೆ ಯಾವುದನ್ನು ಹಾಕಿ ಬುಡಕ್ಕೆ ಉಣಿಸಿದರೆ ಗೆಡ್ಡೆ ದಪ್ಪವಾಗುತ್ತದೆ ಎಂಬುದನ್ನು ಮಾತ್ರ ಕಿವಿಯಲ್ಲಿ ಹೇಳಿದ್ದ. ಅದು ಮನೆಯ ಗುಟ್ಟು, ಯಾರಿಗೂ ಹೇಳುವುದಿಲ್ಲವೆಂದು ಆಣೆಯನ್ನೂ ಹಾಕಿಸಿಕೊಂಡಿದ್ದ. ಗಂಡುಮಕ್ಕಳಿಲ್ಲದ ಅಪ್ಪ ಅದನ್ನು ಮನೆಯಲ್ಲೇ ಉಳಿಯುವ ಹಿರಿಮಗಳಿಗೆ ಕೊಟ್ಟ. ಕಿರಿಯವಳಾದ ರಾಕೇರಾಳಿಗೆ ಕೊಡಲಿಲ್ಲ, ಮದುವೆಯಾಗಿ ಬೇರೆ ಮನೆ ಸೇರುವವಳಲ್ಲವೇ.

ದ್ವೀಪದ ನಡುವಿನ ಒಳಗಡಲಿನ ಆಚೆ ದಡಕ್ಕೆ ಮದುವೆಯಾಗಿ ಹೊರಟ ದಿನ ರಾಕೇರಾ ಯಾರನ್ನೂ ಕೇಳದೆ ತಾಯಿಗಿಡದ ಬುಡದಲ್ಲಿ ಒಡೆದಿದ್ದ ಒಂದು ಕಂದನ್ನು ಕಿತ್ತು ಚಾಪೆಯಲ್ಲಿ ಸುತ್ತಿಕೊಂಡು ಹೋದಳು. ಅಂದಿನಿಂದ ಅಕ್ಕ ಮಾತು ಬಿಟ್ಟಳು. ಸಭಾಮನೆಯಲ್ಲಿ ಎದುರುಬದುರು ಕೂತರೆ ಟೆರೇಟಿಯಾಳ ಮುಖ ಕಂಬದ ಕಡೆಗೆ ತಿರುಗುತ್ತಿತ್ತು. ತಾಯಿ ಸತ್ತ ದಿನವೂ ಕಂಬವನ್ನೇ ನೋಡಿದಳು. ಹಟ ಅಂದರೆ ಹಟ.

ಈ ಸಲದ ದೊಡ್ಡ ಉಬ್ಬರಕ್ಕೆ ಪಡುಗಾಳಿಯೂ ಸೇರಿ, ಕಡಲು ರಸ್ತೆ ದಾಟಿ ಬಂದು ಗುಂಡಿಗೆ ಸುರಿಯಿತು. ಉಪ್ಪು ಸವರಿದ ಮೀನು ನೀರು ಬಿಡುವುದಿಲ್ಲವೇ, ಬೇರಿಗೂ ಅದೇ ಗತಿ. ಗಿಡಗಳು ಮೊಣಕಾಲು ನೀರಿನಲ್ಲಿ ನಿಂತೇ ಬಾಯಾರತೊಡಗಿದವು. ಮೊದಲು ಎಲೆಯ ಅಂಚು ಸುಟ್ಟಿತು, ಆಮೇಲೆ ಎಲೆಯೇ ಹಳದಿಯಾಯಿತು.

ಟೆರೇಟಿಯಾಳಿಗೆ ಗಿಡದ ಚಿಂತೆ ಒಂದು, ಜನರ ಕಣ್ಣಿನ ಚಿಂತೆ ಇನ್ನೊಂದು. ಯಾರಿಗೂ ಹೇಳದೆ ಬುಡಕ್ಕೆ ಎಂದಿಗಿಂತ ಹೆಚ್ಚು ಎಲೆ ಉಣಿಸಿದಳು. ಕೋಲು ನೆಟ್ಟು, ಹಳೆಯ ಚಾಪೆಗಳನ್ನೂ ತೆಂಗಿನ ಗರಿಗಳನ್ನೂ ಎಳೆದು ಗುಂಡಿಯನ್ನು ಸುತ್ತಲೂ ಮೇಲೂ ಮರೆಮಾಡಿದಳು. ಮೀನು ಹಿಡಿಯಲು ಹೋಗಿ ಕೆಲವು ದಿನ ಕಳೆದು ಬಂದ ಗಂಡ ಬಾಕೋವಾ ಅದನ್ನು ಕಂಡು ನಿಂತುಬಿಟ್ಟ.

"ಏನೇ ಇದು, ಗುಂಡಿಗೆ ಮನೆ ಕಟ್ಟಿಸ್ತಿದೀಯಾ?"

"ಯಾರಾದ್ರೂ ಇಣುಕಿದ್ರೆ? ಇವಳ ಬಬಾಯ್ ಹಳದಿ ತಿರುಗಿದೆ ಅಂತ ಸಂಜೆಯೊಳಗೆ ಊರೆಲ್ಲ ಆಡ್ಕೊಳತ್ತೆ."

"ಆಡ್ಕೊಳ್ಲಿ ಬಿಡು. ಮಾನ ಮುಚ್ಚೋಕೆ ಹೋಗಿ ಬಿಸಿಲು ಮುಚ್ಚಿದೀಯಲ್ಲ. ಎಲೆ ಅಂದ್ರೆ ಅಡುಗೆಮನೆ ಅಂತ ನಂಗೆ ಪಾಠ ಹೇಳಿದವಳು ನೀನೇ ತಾನೆ?"

ಟೆರೇಟಿಯಾ ಗುಂಡಿಗೆ ಧುಮುಕಿದಳು. ಚಾಪೆಗಳನ್ನು ಕಿತ್ತೆಸೆದಳು. ಹೊಸದಾಗಿ ಬಂದ ಸುರುಳಿ ಎಲೆಗಳು ನಡುವಿನಲ್ಲೇ ಕೊಳೆತಿದ್ದವು. ತಾಯಿಗಿಡದ ಬುಡಕ್ಕೆ ಕೈ ಹಾಕಿದರೆ ಬೆರಳು ಗೆಡ್ಡೆಯೊಳಕ್ಕೇ ಇಳಿಯಿತು. ಉಣ್ಣಲಾರದ ಗಿಡಕ್ಕೆ ಅವಳು ತುರುಕಿದ ಎಲೆಗಳು ಅಲ್ಲೇ ಕೊಳೆತು, ಉಪ್ಪು ಉಳಿಸಿದ್ದನ್ನೂ ತಿಂದಿದ್ದವು. ಉಳಿದ ಗಿಡಗಳದ್ದೂ ಅದೇ ಕಥೆ. ಮುತ್ತಜ್ಜನಿಂದ ಬಂದದ್ದು ನನ್ನ ಕೈಯಲ್ಲಿ ಮುಗಿಯಿತು ಎಂದು ಕೆಸರಲ್ಲೇ ಕುಸಿದು ಕೂತಳು.

ಆ ಗಿಡ ಇರಬಹುದಾದ ಜಾಗ ಇನ್ನೊಂದಿತ್ತು. ಅದು ಬಾಕೋವಾನಿಗೂ ಹೊಳೆದಿತ್ತು. ಅವಳೇ ಎದ್ದು, "ದೋಣಿ ತೆಗಿ," ಎಂದಳು.

ದಾರಿಯುದ್ದಕ್ಕೂ ಒಂದೇ ಹೆದರಿಕೆ. ಕದ್ದೊಯ್ದ ಕಂದು ಬದುಕಿತ್ತೋ ಇಲ್ಲವೋ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಬದುಕಿದ್ದರೂ ಅಲ್ಲಿಗೆ ಕಡಲು ನುಗ್ಗಿಲ್ಲವೆಂದು ಏನು ಖಾತ್ರಿ?

ರಾಕೇರಾ ಮನೆಮುಂದೆ ಚಾಪೆ ಹೆಣೆಯುತ್ತಿದ್ದಳು. ತಲೆಯೆತ್ತಿ ನೋಡಿದಳು.

"ಏನಕ್ಕ, ಇಲ್ಲಿ ಕಂಬ ಇಲ್ವಲ್ಲ. ಮುಖ ಯಾವ ಕಡೆ ತಿರುಗಿಸ್ತೀಯ?"

"ನನ್ನ ಗುಂಡಿ ಹೋಯ್ತು ಕಣೇ."

ರಾಕೇರಾ ಹೆಣಿಗೆ ಕೆಳಗಿಟ್ಟಳು. ಅಕ್ಕನನ್ನು ಹಿತ್ತಲಿಗೆ ಕರೆದೊಯ್ದಳು. ಗುಂಡಿಯ ತುಂಬ ಆಳೆತ್ತರದ ಬಬಾಯ್, ಅದೇ ಮುಳ್ಳಿನ ದಂಟು, ಅದೇ ಕಪ್ಪುಹಸಿರು ಎಲೆ. ಟೆರೇಟಿಯಾ ಇಳಿದು ಬೆರಳದ್ದಿ ನೆಕ್ಕಿದಳು. ಸಿಹಿ. ಮತ್ತೆ ನೆಕ್ಕಿದಳು. ಆಮೇಲೆ ಅಳು ತಡೆಯಲಾಗಲಿಲ್ಲ.

"ಕದ್ದ ಮಾಲು ಹೇಗಿದೆ?" ಎಂದಳು ರಾಕೇರಾ, ತಾನೂ ಗುಂಡಿಗೆ ಇಳಿಯುತ್ತ. "ಮೇಲೆ ನೋಡೋಕಷ್ಟೇ ಅಕ್ಕ. ಕಿತ್ರೆ ಮುಷ್ಟಿಯಷ್ಟು ಗೆಡ್ಡೆ. ಉಣಿಸೋದು ನಂಗೆ ಯಾರು ಹೇಳ್ಕೊಟ್ರು? ಒಂದು ಕಂದು ತಗೊಂಡ್ಹೋಗು."

"ಎಲ್ಲಿಗೆ ತಗೊಂಡ್ಹೋಗ್ಲಿ? ನನ್ನ ನೀರು ಇನ್ನೂ ಉಪ್ಪು. ಸಿಹಿಯಾಗೋವರೆಗೆ ನಾನಿರ್ತೀನೋ ಇಲ್ವೋ. ಇಲ್ಲೇ ಇರ್ಲಿ."

ಗಿಡವೇನೋ ಇಲ್ಲಿ ಉಳಿಯಿತು. ಅದನ್ನು ಸಾಕುವ ವಿದ್ಯೆ ಮಾತ್ರ ಅವಳೊಬ್ಬಳ ತಲೆಯಲ್ಲಿತ್ತು, ಅದಕ್ಕೆ ಕಂದೂ ಇಲ್ಲ, ಬೀಜವೂ ಇಲ್ಲ. ಆಣೆ ಮುರಿದರೆ ತೀರಿಹೋದ ಅಪ್ಪ ಏನೆನ್ನುತ್ತಾನೋ ಎಂಬ ಹೆದರಿಕೆ ಅವಳಿಗಿತ್ತು. ಆದರೂ ತಂಗಿಯ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಪ್ಪ ಹೇಳಿದ ಹಾಗೆಯೇ ಕಿವಿಯಲ್ಲಿ ಹೇಳಿದಳು. ಯಾವ ಎಲೆ, ಯಾವ ಕ್ರಮ ಎಂದು ನನ್ನನ್ನು ಕೇಳಬೇಡಿ. ನಮ್ಮಲ್ಲಿ ಅದನ್ನು ಕೇಳುವುದು ಮರ್ಯಾದೆಯಲ್ಲ.

ರಾಕೇರಾ ಪೂರ್ತಿ ಕೇಳಿಸಿಕೊಂಡಳು.

"ಇಷ್ಟನ್ನ ಹೇಳೋಕೆ ಅಮ್ಮ ಬದುಕಿರೋವರೆಗೂ ಪುರುಸೊತ್ತಾಗ್ಲಿಲ್ವಾ ಅಕ್ಕ?"

ಟೆರೇಟಿಯಾ ಬಗ್ಗಿ, ನೀರಿಗೆ ಇನ್ನೊಮ್ಮೆ ಬೆರಳದ್ದಿದಳು.