ದೋಲೋನ್ ಘಟ್ಟದಲ್ಲಿ ಕುದಿದ ಗಾಡಿ

ಬೈಸಲ್ ಗಾಡಿ ರಿಪೇರಿ ಮಾಡುವುದನ್ನು ನೋಡುತ್ತ ನಿಂತರೆ ಎಂಥವರಿಗೂ ತಲೆ ಕೆಡುತ್ತದೆ. ಕೆಲಸ ಬಾರದೆಂದಲ್ಲ, ಅವಸರ ಎಂಬುದು ಅವನ ಮೈಯಲ್ಲೇ ಇಲ್ಲ. ನಮ್ಮ ಸಾರಿ-ಬುಲಾಕಿನಲ್ಲಿ ಹೆದ್ದಾರಿಯ ಪಕ್ಕ ನನ್ನದು ಒಣಮೀನಿನ ಅಂಗಡಿ, ಅದರ ಹಿಂದೆ ಅವನ ಶೆಡ್ಡು. ಫ್ಯೂಸ್ ಸುಟ್ಟರೆ ಬೇರೆಯವರು ಒಂದು ತಂತಿ ಸುತ್ತಿ ಕಳಿಸಿಬಿಡುತ್ತಾರೆ. ಇವನು ಯಾಕೆ ಸುಟ್ಟಿತು ಎಂದು ತಿಳಿಯುವವರೆಗೆ ಬೀಗದ ಕೈ ಕೊಡುವುದಿಲ್ಲ. ಗಿರಾಕಿ ಎಗರಾಡಿದರೆ, "ಕಾರಣ ಇಲ್ಲಿ ಹುಡುಕದಿದ್ರೆ ಘಟ್ಟದ ಮೇಲೆ ಸಿಗುತ್ತೆ ಕಣಯ್ಯಾ. ಅಲ್ಲಿ ನಿಂಗೆ ಚಹಾ ಯಾರು ಕೊಡ್ತಾರೆ?" ಎನ್ನುತ್ತಾನೆ.

ಹೆಂಡತಿ ತೀರಿಕೊಂಡ ಮೇಲೆ ಮಗಳು ಬುರುಲಳನ್ನು ಒಬ್ಬನೇ ಸಾಕಿದ. ಅವಳ ಜಡೆ ಹೆಣೆಯುವಾಗಲೂ ಇದೇ ನಿಧಾನ. ಸ್ಕೂಲಿನ ಗಂಟೆ ಹೊಡೆದರೂ ಜಡೆ ಮುಗಿದಿರುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅವಳನ್ನು ದೋಲೋನ್ ಘಟ್ಟದ ಆಚೆ, ಆತ್-ಬಾಶಿಗೆ ಕೊಟ್ಟ.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವನ ಹೆಂಡತಿಯ ತಮ್ಮ ಕಲಿಚನಿಗೆ ಫೋನ್ ಬಂತು. ತಲೆನೋವೆಂದು ಮಲಗಿದ ಬುರುಲ್ ಏಳಲಿಲ್ಲ. ಸೆಕೆ ಜಾಸ್ತಿ, ಮಧ್ಯಾಹ್ನದ ನಮಾಜಿನವರೆಗೆ ಮಾತ್ರ ಇಟ್ಟುಕೊಳ್ಳುತ್ತೇವೆ, ಅಷ್ಟರೊಳಗೆ ಅಪ್ಪ ಬಂದು ಮುಖ ನೋಡಲಿ ಎಂದರು ಬೀಗರು.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಹೆತ್ತವರಿಗೆ ನೆಟ್ಟಗೆ ಹೇಳುವಂತಿಲ್ಲ. ಸ್ವಲ್ಪ ಹುಷಾರಿಲ್ಲ ಎಂದು ಕರೆಸಬೇಕು. ಊರು ಹತ್ತಿರವಾದಾಗ ಹಿರಿಯರು ಎದುರು ಬಂದು, ಸುತ್ತ ಕೂತು, ಬಳಸಿ ಬಳಸಿ ಹೇಳಬೇಕು. ಇಲ್ಲದಿದ್ದರೆ ದಾರಿಯಲ್ಲೇ ಎದೆ ಒಡೆದೀತು ಎಂಬ ಭಯ. ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ ಕ್ರಮ ಇರಬಹುದು. ಈಗ ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಘಟ್ಟದಲ್ಲಿ ಸ್ಟೇರಿಂಗ್ ಹಿಡಿಯೋನು ಅವನು. ಬಾಯಿ ಬಿಟ್ಟೀಯಾ, ಜೋಕೆ!" ಎಂದು ನಮ್ಮ ಹಿರಿಯರು ಕಲಿಚನ ಬಾಯಿಗೆ ಬೀಗ ಹಾಕಿದರು.

ಬೇರೆಯವರ ಕಾರು ತರುತ್ತೇನೆಂದು ಕಲಿಚ್ ಹೇಳಿದರೆ ಬೈಸಲ್ ಕೇಳಲಿಲ್ಲ. ತನ್ನ ಹಳೇ ರಷ್ಯನ್ ಪಿಕಪ್ಪೇ ಆಗಬೇಕು. ಹಿಂದೆ ಹಾಸಿಗೆ ಹಾಸಿದ, ದಿಂಬಿಟ್ಟ. "ಹುಷಾರಿಲ್ಲ ಅಂದ್ರೆ ಕರ್ಕೊಂಡೇ ಬರ್ತೀನಿ. ನಾಲ್ಕು ದಿನ ನಮ್ಮ ಕುದುರೆ ಹಾಲು ಕುಡಿದ್ರೆ ಗುಂಡುಕಲ್ಲಿನ ಹಾಗಾಗ್ತಾಳೆ." ನಾನು ಒಂದು ಕಟ್ಟು ಮೀನು ಕೊಟ್ಟು ಮುಖ ತಿರುಗಿಸಿಕೊಂಡೆ. ಮುಂದೆ ನಡೆದದ್ದನ್ನು ನನಗೆ ಹೇಳಿದವನು ಕಲಿಚ್.

ಘಟ್ಟ ಹತ್ತುವಾಗ ಮಂಜು ಕವಿದಿತ್ತು. ಬೈಸಲ್ ಹೆಡ್‌ಲೈಟ್ ಹಾಕಿದ ಕೂಡಲೇ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ನೆಗೆಯಿತು. ಆರಿಸಿದರೆ ಇಳಿಯಿತು.

"ಸುಳ್ಳು ಹೇಳ್ತಿದೆ ಕಣೋ ಈ ಮುಳ್ಳು," ಎಂದು ನಕ್ಕ.

ಕಲಿಚ್ ಕಿಟಕಿಯಾಚೆ ನೋಡಿದ. ಎರಡು ತಿರುವು ಕಳೆಯುವಷ್ಟರಲ್ಲಿ ಬಾನೆಟ್ ಕೆಳಗಿಂದ ನಿಜವಾಗಿಯೇ ಹಬೆ ಎದ್ದಿತು. ಗಾಡಿ ನಿಂತಿತು.

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯುವಂತಿಲ್ಲ, ಆರುವವರೆಗೆ ಕಾಯಬೇಕು. ಬೈಸಲ್ ತೊರೆಯಿಂದ ಕ್ಯಾನಿನಲ್ಲಿ ನೀರು ತಂದಿಟ್ಟು, ಒಣಮೊಸರಿನ ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತ. ಆಗ ಒಂದು ಲಾರಿ ಬಂದು ನಿಂತಿತು.

"ನಾರಿನ್ ದಾಟಿ ಆತ್-ಬಾಶಿ ಕಡೆಗೇ ಹೊರಟಿದ್ದೀನಿ, ಹತ್ತಿ," ಎಂದ ಡ್ರೈವರ್.

ಕಲಿಚ್ ಆಗಲೇ ಬಾಗಿಲು ಹಿಡಿದಿದ್ದ. "ಭಾವ, ಬಾ, ಹೋಗೋಣ. ಗಾಡಿ ಇಲ್ಲೇ ಬಿದ್ದಿರ್ಲಿ."

"ಬಿದ್ದಿರ್ಲಿ ಅಂದ್ರೆ? ಮಗಳನ್ನ ಏನು ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಬರ್ಲಾ?"

"ನಿನ್ನ ಕಾಲಿಗೆ ಬೀಳ್ತೀನಿ ಭಾವ."

"ಏನೋ ಇದು, ಹೊಸ ಮದುಮಗನ ಹಾಗೆ ಅವಸರ! ಅಲ್ಲಿ ಯಾರನ್ನಾದ್ರೂ ನೋಡಿಟ್ಟಿದ್ದೀಯಾ?" ಎಂದು ಬೈಸಲ್ ಲಾರಿಯವನಿಗೆ ಕಣ್ಣು ಹೊಡೆದ. "ಹೋಗಪ್ಪ, ಇವನಿಗೆ ತಲೆ ಸರಿ ಇಲ್ಲ. ದೇವರು ನಿನ್ನ ದಾರಿ ಚೆನ್ನಾಗಿಡ್ಲಿ."

ಲಾರಿ ಹೋಯಿತು. ನಾಲಿಗೆಯ ತುದಿಗೆ ಬಂದ ಮಾತನ್ನು ಕಲಿಚ್ ನುಂಗಿದ. ಫೋನ್ ಮಾಡೋಣವೆಂದರೆ ಘಟ್ಟದಲ್ಲಿ ಸಿಗ್ನಲ್ ಇಲ್ಲ.

ಇಂಜಿನ್ ಆರಿದ ಮೇಲೆ ಬೈಸಲ್ ತನ್ನ ರೀತಿಯಲ್ಲೇ ಶುರು ಮಾಡಿದ. ನೀರು ತುಂಬಿ, ಗಾಡಿ ಸ್ಟಾರ್ಟ್ ಮಾಡಿ ಮೇಲಿನ ಪೈಪು ಮುಟ್ಟಿದ, ಕೆಳಗಿನದು ಮುಟ್ಟಿದ. ನೀರು ಓಡಾಡುತ್ತಿದೆ, ಪಂಪ್ ಸರಿ ಇದೆ. ಬೆಲ್ಟ್ ಒತ್ತಿ ನೋಡಿದ. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ತಿರುಗುತ್ತದೆ, ಕರೆಂಟ್ ಕೊಟ್ಟರೆ ಮಾತ್ರ ಅಲ್ಲಾಡುವುದಿಲ್ಲ. ಫ್ಯೂಸ್ ನೋಡಿದ, ಚೆನ್ನಾಗಿತ್ತು.

"ಬ್ಯಾಟರಿಯಿಂದ ಫ್ಯಾನಿಗೆ ನೆಟ್ಟಗೆ ತಂತಿ ಎಳೆದುಬಿಡು ಭಾವ. ಎಲ್ಲರೂ ಹಾಗೇ ಮಾಡ್ತಾರೆ."

"ಎಲ್ಲರೂ ಮಾಡ್ತಾರೆ, ಎಲ್ಲರೂ ದಾರೀಲಿ ಸುಡ್ತಾರೆ. ವಾಪಸ್ ಬರೋವಾಗ ಹಿಂದೆ ಮಗಳು ಮಲಗಿರ್ತಾಳೆ ಕಣೋ."

ಕಲಿಚ್ ರಸ್ತೆಗೆ ಬೆನ್ನು ಹಾಕಿ ನಿಂತ. ಕಣ್ಣೀರು ಕಾಣಬಾರದಲ್ಲ.

ಬೈಸಲ್ ಬಲ್ಬಿಗೆ ಎರಡು ತಂತಿ ಕಟ್ಟಿ ಫ್ಯಾನಿಗೆ ಕರೆಂಟ್ ಬರುವ ಜಾಗಕ್ಕೆ ಹಿಡಿದ. ಬಲ್ಬು ಮಂಕಾಗಿ ಉರಿಯಿತು. ಅವನ ಮುಖ ಅರಳಿತು. ಮುಳ್ಳು ನೆಗೆಯುವುದು, ಫ್ಯಾನ್ ನಿಲ್ಲುವುದು ಎರಡು ರೋಗವಲ್ಲ, ಒಂದೇ. ಕರೆಂಟ್ ಬ್ಯಾಟರಿಗೆ ಮರಳುವ ಅರ್ಥ್ ತಂತಿ ಎಲ್ಲೋ ಕೆಟ್ಟಿದೆ. ಗಾಡಿಯ ಕೆಳಗೆ ತೂರಿ ಬೋಲ್ಟ್ ಬೋಲ್ಟಾಗಿ ಹುಡುಕಿದ. ತುಕ್ಕು ಹಿಡಿದದ್ದು ಸಿಕ್ಕಿತು, ಬಿಚ್ಚಲು ಹೋದರೆ ಜಗ್ಗಲಿಲ್ಲ. ಎಣ್ಣೆ ಬಿಟ್ಟು ಕಾದ. ಬಿಚ್ಚಿ, ಚಾಕುವಿನಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಿ, ಮತ್ತೆ ಬಿಗಿದ. ಫ್ಯಾನ್ ಗಿರ್ರೆಂದು ತಿರುಗಿತು. ಮಂಜು ಯಾವಾಗಲೋ ಕರಗಿ ಸೂರ್ಯ ನೆತ್ತಿ ದಾಟಿದ್ದ.

"ನೋಡಿದ್ಯಾ? ಈಗ ನೂರು ಘಟ್ಟ ಹತ್ತುತ್ತೆ," ಎಂದ ಬೈಸಲ್. ಆ ದಿನ ಅವನಷ್ಟು ಸಂತೋಷದಲ್ಲಿದ್ದ ಮನುಷ್ಯ ಆ ರಸ್ತೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ದಾರಿಗೆ ಎದುರು ಬಂದು ಸುದ್ದಿ ಹೇಳಬೇಕಾದ ಹಿರಿಯರು ಕಾದು ಕಾದು, ಕೊನೆಗೆ ಮಣ್ಣಿಗೆ ಹೋಗಿದ್ದರು. ಹಾಗಾಗಿ ಅವನನ್ನು ತಡೆಯುವವರೇ ಇರಲಿಲ್ಲ. ಮಗಳಿಗೆ ಗೊತ್ತಾಗಲಿ ಎಂದು ಬೀದಿಯ ತುದಿಯಿಂದಲೇ ಜೋರಾಗಿ ಹಾರನ್ ಹೊಡೆಯುತ್ತ ಬಂದ. ಅಂಗಳದಲ್ಲಿ ಸಾವಿನ ಮನೆಯ ಯುರ್ತ್ ಡೇರೆ ಎದ್ದಿತ್ತು. ಒಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ಗುದ್ದಲಿ ಹೆಗಲಿಗಿಟ್ಟ ಗಂಡಸರು ಗೋರಿಗಳ ದಿಬ್ಬದಿಂದ ಇಳಿದು ಬರುತ್ತಿದ್ದರು. ಅಳಿಯನೂ ಅವರಲ್ಲಿದ್ದ.

ಬೈಸಲ್ ಇಂಜಿನ್ ಆರಿಸಲಿಲ್ಲ. ಹೆತ್ತವನು ದೂರದಿಂದಲೇ ಕೂಗಿ ಅಳುತ್ತ ಬರಬೇಕು, ಅದು ಕ್ರಮ. ಅವನು ಅಳಲಿಲ್ಲ, ಸ್ಟೇರಿಂಗ್ ಬಿಡಲೂ ಇಲ್ಲ. ಕಲಿಚನನ್ನು ಕೇಳಿದ:

"ಆ ಲಾರಿ ಹತ್ತಿದ್ರೆ ಸಿಗ್ತಿದ್ಲಾ?"

"ಸಿಗ್ತಿದ್ಲು ಭಾವ."

ಆಮೇಲೆ ಅವನು ಕಲಿಚನೊಡನೆ ಮಾತು ಬಿಟ್ಟ. ಶೆಡ್ಡಿನ ಕೆಲಸ ನಿಲ್ಲಿಸಲಿಲ್ಲ. ಹೊಟ್ಟೆ ಕೇಳಬೇಕಲ್ಲ. ಈಗ ಯಾರಾದರೂ ತಂತಿ ಸುತ್ತಿ ಕೊಡು ಎಂದರೆ ಸುಮ್ಮನೆ ಸುತ್ತಿ ಕೊಡುತ್ತಾನೆ. ಅದನ್ನು ನೋಡಲು ನನಗೆ ಆಗುವುದಿಲ್ಲ.

ಮೊನ್ನೆ ಚಳಿಗಾಲದಲ್ಲಿ ನನ್ನ ಪಕ್ಕದ ಅಂಗಡಿಯ ತಾಜಿಗುಲಳ ತಾಯಿ ದೂರದ ಚಾಯೆಕ್ ಎಂಬ ಊರಲ್ಲಿ ತೀರಿಕೊಂಡಳು. ತಾಜಿಗುಲಳ ಫೋನ್ ಕೆಟ್ಟಿದ್ದರಿಂದ ಸುದ್ದಿ ಬೈಸಲ್‌ಗೆ ಬಂತು, ಮುದುಕಿಗೆ ಸ್ವಲ್ಪ ಹುಷಾರಿಲ್ಲ ಎಂದು ಹೇಳು ಎಂಬ ಎಚ್ಚರಿಕೆಯ ಸಮೇತ. ಅವನು ಎಣ್ಣೆ ಕೈಯಲ್ಲೇ ಬಂದು ಅವಳ ಮುಂದೆ ನಿಂತ.

"ತಂಗಿ, ನಿಮ್ಮಮ್ಮ ಸತ್ತಳು. ಗಾಡಿ ಸ್ಟಾರ್ಟ್ ಮಾಡಿಟ್ಟಿದ್ದೀನಿ, ಹತ್ತು."

ತಾಜಿಗುಲ್ ಕಿರುಚುತ್ತ ಅವನ ಎದೆಗೆ ಗುದ್ದಿದಳು. ಅವನು ಗುದ್ದಿಸಿಕೊಂಡೇ ಅವಳನ್ನು ಗಾಡಿಗೆ ಹತ್ತಿಸಿದ, ಸಾವಿನ ಮನೆಯ ಬಾಗಿಲಲ್ಲಿ ಇಳಿಸಿ ಒಳಗೆ ಹೋಗದೆ ಮರಳಿದ. ಮರುದಿನ ಹಿರಿಯರು ಶೆಡ್ಡಿಗೆ ಬಂದು ಉಗಿದರು. "ನೀನೇನು ಮನುಷ್ಯನೋ, ಮೃಗವೋ? ಇನ್ಮೇಲೆ ಯಾರ ಮನೆ ಸಾವಿಗೂ ನಿನ್ನನ್ನ ಕರೆಯಲ್ಲ" ಎಂದರು. ಅವನು ಬೋಲ್ಟ್ ಬಿಗಿಯುತ್ತಲೇ ಇದ್ದ. ಅವರು ಹೋದ ಮೇಲೆ ನನ್ನನ್ನು ಕೇಳಿದ:

"ತಾಜಿಗುಲ್ ಮುಖ ನೋಡಿದ್ಲಂತಾ?"

"ನೋಡಿದ್ಲಂತೆ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ಲಂತೆ," ಎಂದೆ.

ಬೈಸಲ್ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಮಗಳ ಹೆಸರು ಹಿಡಿದು ಗೋಳೋ ಎಂದು ಅತ್ತ.