ಪೂರ್ತಿ ಬರುತ್ತಿದ್ದ ಮೂರು ಹಾಡುಗಳು

ದೀಕ್ಷಾ, ವಾಶಿಯ ಆ ಕಾರ್ಯಕ್ರಮದಲ್ಲಿ ನಿನ್ನ ಜಾಗ ತಪ್ಪಿಸಿದವನು ನಾನು. ನಿನ್ನ ಗಿಟಾರ್ ಸರ್ ಅಲ್ಲ, ನಿನ್ನ ಬೆರಳುಗಳೂ ಅಲ್ಲ — ನಾನು, ನಿನ್ನ ಅಪ್ಪ. ಇದು ತಿಳಿಯದೆಯೇ ನೀನು ಹೋದೆ.

ಅದಾದದ್ದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ. ಬುಧವಾರ, ನನಗೆ ಎರಡನೇ ಪಾಳಿ. ಅಮ್ಮ ಬಂಗುಡೆ ಹುರಿಯುತ್ತಿದ್ದಳು. ನೀನು ಕಾಲೇಜಿನಿಂದ ಬಂದವಳೇ ಮಂಚದ ಅಂಚಿನಲ್ಲಿ ಕುಳಿತು ಬೇಸ್ ಗಿಟಾರ್ ನುಡಿಸುತ್ತಿದ್ದೆ. ನಾಲ್ಕು ದಪ್ಪ ತಂತಿ. ಒಂದು ಕಡೆ ಧುಂ ಧುಂ, ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಧುಂ. ನೀನು ಕ್ಲಾಸಿಗೆ ಸೇರಿ ಒಂದು ವರ್ಷವಾಗಿತ್ತು. ನನ್ನ ಕಿವಿಗೆ ಬಿದ್ದದ್ದು ಇಷ್ಟೇ.

“ಇದ್ರಲ್ಲಿ ಹಾಡು ಎಲ್ಲುಂಟು ಮಾರಾಯ್ತಿ? ಒಂದಾದ್ರೂ ಪೂರ್ತಿ ಬಾರಿಸಿ ತೋರ್ಸು.”

“ಪೂರಾ ಹೀ ತೋ ಬಜಾಯಾ, ಪಪ್ಪಾ! ಪೂರ್ತಿ ಹಾಡು ಈಗ ಮುಗೀತಲ್ಲ.”

“ಮುಗ್ದದ್ದಾ? ಶುರು ಆದದ್ದೇ ನಂಗೆ ಗೊತ್ತಾಗ್ಲಿಲ್ಲ.”

ಅಡುಗೆಮನೆಯಲ್ಲಿ ಅಮ್ಮ ನಕ್ಕಳು. ನೀನೂ ನಕ್ಕೆ. “ಸಾಂಬಾರ್ ಮೇ ದಾಲ್ ದಿಖ್ತೀ ಹೈ ಕ್ಯಾ? ಕಾಣಲ್ಲ ಅಂತ ಬೇಳೆ ಹಾಕ್ದೆ ಮಾಡಿ ನೋಡಿ ಒಂದಿನ, ಗಿರಾಕಿ ಓಡಿ ಹೋಗ್ತಾರೆ.”

ಮೂವತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ನಿಂತವನು ನಾನು. ಆ ಮಾತು ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಊಟ ಮಾಡಿ, ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಠಾಣೆಯ ಹೋಟೆಲಿಗೆ ಹೋದೆ.

ಸಂಜೆ, ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳು ಬಿಡುವ ಹೊತ್ತು. ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಆಗ ನಿನ್ನ ಸರ್ ಫೋನ್ ಮಾಡಿದರು — ನನಗೆ. ಯಾಕೆಂದರೆ ಕ್ಲಾಸಿನ ಫಾರ್ಮಿನಲ್ಲಿ ನಿನ್ನ ನಂಬರಿನ ಜಾಗದಲ್ಲಿ ನಾನು ನನ್ನದನ್ನೇ ಬರೆದಿದ್ದೆ. ಹೆಣ್ಣುಮಗಳ ನಂಬರ್ ಕಂಡವರಿಗೆಲ್ಲ ಯಾಕೆ ಎಂದು. ವಾಶಿಯ ಒಂದು ಹಾಲ್‌ನಲ್ಲಿ ವಿದ್ಯಾರ್ಥಿಗಳ ಕಾರ್ಯಕ್ರಮವಂತೆ. ಹಾಡುವವರು, ಡ್ರಮ್ಸ್, ಎಲ್ಲರ ಜೊತೆ ದೀಕ್ಷಾ ಮೂರು ಹಾಡು ನುಡಿಸಬೇಕು, ಕಳಿಸುತ್ತೀರಾ ಎಂದು ಕೇಳಿದರು.

“ಉಸ್ಕೋ ಏಕ್ ಭೀ ಗಾನಾ ಪೂರಾ ನಹೀ ಆತಾ, ಸರ್,” ಎಂದೆ. “ದೂಸ್ರೇ ಕೋ ಲೇ ಲೋ.”

ಒಂದು ಹಾಡೂ ಪೂರ್ತಿ ಬರುವುದಿಲ್ಲ, ಬೇರೆಯವರನ್ನು ತೆಗೆದುಕೊಳ್ಳಿ. ಅಷ್ಟೇ. ಫೋನ್ ಇಟ್ಟು ಒಗ್ಗರಣೆಗೆ ತಿರುಗಿದೆ. ವೇದಿಕೆಯಲ್ಲಿ ನಿನಗೆ ಅವಮಾನ ಆಗದಿರಲಿ ಎಂದು ಹೇಳಿದೆ — ಎಂದು ಬಹಳ ದಿನ ನಂಬಿದ್ದೆ. ಸುಳ್ಳು. ನಮ್ಮ ಊರಿನವರು, ಹೋಟೆಲಿನವರು ಬಂದು ಕೂರುವ ಹಾಲ್ ಅದು. ‘ಇವನ ಮಗಳು ಸುಮ್ಮನೆ ಧುಂ ಧುಂ ಅಂತಿದ್ದಾಳೆ’ ಎಂದು ಅವರು ನಗುವುದನ್ನು ನಾನು ಮನಸ್ಸಿನಲ್ಲಿ ಮೊದಲೇ ಕೇಳಿಸಿಕೊಂಡಿದ್ದೆ. ಉಳಿಸಿಕೊಂಡದ್ದು ನನ್ನ ಮರ್ಯಾದೆ.

ಮನೆಯವರು ಬೇಡ ಎಂದರೆ ಸರ್ ಅದನ್ನು ಮಕ್ಕಳಿಗೆ ಹೇಳುವುದಿಲ್ಲವಂತೆ. ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆ, ಮಗು ಕ್ಲಾಸನ್ನೇ ಬಿಡುತ್ತದೆ. ‘ಈ ಸಲ ಬೇರೆಯವರು’ ಎಂದು ಮುಗಿಸಿಬಿಡುತ್ತಾರೆ. ನಿನಗೂ ಹಾಗೇ ಹೇಳಿದರು.

ಆ ಭಾನುವಾರ ಕ್ಲಾಸಿನಿಂದ ಬಂದು ನೀನು ಗಿಟಾರನ್ನು ಚೀಲದಿಂದ ತೆಗೆಯಲೇ ಇಲ್ಲ. ಸೋಫಾದಲ್ಲಿ ನನ್ನ ಪಕ್ಕ ಕುಳಿತು, “ಆಪ್ ಸಹೀ ಥೇ, ಪಪ್ಪಾ. ನೀವು ಹೇಳಿದ ಹಾಗೇ, ನಂಗೆ ಪೂರಾ ಗಾನಾ ಬರಲ್ಲ,” ಎಂದೆ.

ದೀಕ್ಷಾ, ನನ್ನ ನಿಜವಾದ ತಪ್ಪು ಫೋನಿನಲ್ಲಿ ಆದದ್ದಲ್ಲ. ಅದು ಅಲ್ಲಿ, ಆ ಸೋಫಾದ ಮೇಲೆ ಆದದ್ದು. ಬಾಯಿ ತೆರೆದರೆ ಸಾಕಿತ್ತು. ನಾನು ನಿನ್ನ ತಲೆ ಸವರಿ — “ಹೋಗ್ಲಿ ಬಿಡು ಮಗ” ಎಂದೆ.

ನಾಲ್ಕು ತಿಂಗಳ ನಂತರ ನಿನಗೆ ಜ್ವರ ಬಂತು. ಐದನೇ ದಿನ ನೀನು ಇರಲಿಲ್ಲ.

ನಿನ್ನ ಫೋನಿನಲ್ಲಿ ಮೂರು ಧ್ವನಿಮುದ್ರಣಗಳಿದ್ದವು. ಬರೀ ಬೇಸ್. ಮೂರಕ್ಕೂ ನೀನು ಹಾಡಿನ ಹೆಸರು ಹಾಕಿದ್ದೆ. ಅಮ್ಮನ ಫೋನಿನಲ್ಲಿ ಅದರಲ್ಲೊಂದು ಹಾಡು ಹಚ್ಚಿ, ಜೊತೆಗೇ ನಿನ್ನದನ್ನೂ ಹಚ್ಚಿದೆ. ಮೊದಲ ಸಲ ಹಿಂದೆ ಮುಂದೆ ಆಯಿತು. ಎರಡನೆಯ ಸಲ ಕೂಡಿತು. ಪಲ್ಲವಿ, ಚರಣ, ನಡುವಿನ ವಾದ್ಯ, ಮತ್ತೆ ಪಲ್ಲವಿ — ಹಾಡು ತಿರುಗಿದಲ್ಲೆಲ್ಲ ನೀನು ಮೊದಲೇ ಹೋಗಿ ಕಾಯುತ್ತಿದ್ದೆ. ಎಲ್ಲೂ ತಪ್ಪಿಲ್ಲ. ಉಳಿದೆರಡೂ ಹಾಗೆಯೇ. ಆ ಬುಧವಾರ ನೀನು ಮಂಚದ ಮೇಲೆ ನುಡಿಸಿದ್ದು ಅದರಲ್ಲೊಂದು.

ಈಗ ನಾನು ನಿನ್ನದೇ ಗಿಟಾರಿನಲ್ಲಿ ಕಲಿಯುತ್ತಿದ್ದೇನೆ, ಐವತ್ತಾರನೇ ವಯಸ್ಸಿನಲ್ಲಿ, ಅದೇ ಸರ್ ಹತ್ತಿರ. ನಿನ್ನ ಮಾವ ಕಲ್ಯಾಣದಿಂದ ಬಂದು ಬಾಗಿಲಲ್ಲೇ ನಿಂತ: “ವರ್ಷ ತುಂಬ್ಲಿಲ್ಲ ಭಾವ, ಮನೇಲಿ ಹಾಡು ಗೀಡು ಎಂತದು? ಜನ ಏನಂತಾರೆ? ಯಾರಿಗಾದ್ರೂ ಕೊಟ್ಬಿಡಿ ಅದನ್ನ.”

“ಇದ್ರಲ್ಲಿ ಹಾಡು ಎಲ್ಲುಂಟು?” ಎಂದೆ. “ಸರ್ ಫೋನ್ ಮಾಡಿದಾಗ ನಾನೇ ಹೇಳಿದ್ದಲ್ವಾ, ಅವ್ಳಿಗೆ ಒಂದು ಹಾಡೂ ಬರುದಿಲ್ಲಾಂತ?”

ಹಾಗೆ ಮೊದಲ ಸಲ ಅದು ಬಾಯಿಂದ ಹೊರಬಿತ್ತು. ಅಮ್ಮ ಅಲ್ಲೇ ಇದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಎರಡು ದಿನ ಅವಳು ನನ್ನ ಮುಖ ನೋಡಲಿಲ್ಲ. ನೋಡಬೇಕಾಗಿಯೂ ಇಲ್ಲ. ‘ಗೊತ್ತಿಲ್ಲದೆ ಮಾಡಿದ್ದು, ಬಿಡಿ’ ಎಂದು ಮಾವ ಸಮಾಧಾನ ಹೇಳಿದ. ಬಿಡುವುದಿಲ್ಲ. ಗೊತ್ತಿಲ್ಲದವನು ಕೇಳಬಹುದಿತ್ತು. ಗಿಟಾರನ್ನೂ ಕೊಡುವುದಿಲ್ಲ. ಜನ ಏನಾದರೂ ಅನ್ನಲಿ. ಜನರಿಗೆ ಹೆದರಿ ಒಮ್ಮೆ ಮಾಡಿದ್ದು ಸಾಕು.

ತಪ್ಪಿದ ಕೂಡಲೇ ನಾನು ನಿಂತು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಅದಕ್ಕೇ ಹಾಡುಗಳ ಆರಂಭ ನನಗೆ ಚೆನ್ನಾಗಿ ಬರುತ್ತದೆ, ಕೊನೆ ಬರುವುದಿಲ್ಲ. “ಗಲತ್ ಹುವಾ ತೋ ಹೋನೇ ದೋ ಕಾಕಾ, ರುಕೋ ಮತ್,” ಎನ್ನುತ್ತಾರೆ ಸರ್. ತಪ್ಪಾದರೆ ಆಗಲಿ, ನಿಲ್ಲಬೇಡಿ. ಬೆರಳ ತುದಿಯ ಬೊಬ್ಬೆ ಒಡೆದು ಗಟ್ಟಿಯಾಗಿದೆ. ಕಳೆದ ವಾರ ಒಂದು ಹಾಡು ತಪ್ಪುಗಳ ಸಮೇತ ಕೊನೆ ಮುಟ್ಟಿತು. ಉಳಿದೆರಡನ್ನೂ ಮುಟ್ಟಿಸುತ್ತೇನೆ. ಅದರಿಂದ ಏನೂ ಸರಿಹೋಗುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನೀನು ನುಡಿಸಿದ್ದು ನಿನ್ನ ಫೋನಿನಲ್ಲಿ ಮೂರೂ ಪೂರ್ತಿ ಇದೆ. ಅದರ ಜೊತೆ ಹಾಡಬೇಕಿದ್ದವರು, ಡ್ರಮ್ಸ್ ಬಾರಿಸಬೇಕಿದ್ದವರು, ಮುಗಿದಾಗ ನಿನ್ನ ಕಡೆ ತಿರುಗಿ ನಗಬೇಕಿದ್ದವರು — ಅವರು ಯಾರೂ ಅದರಲ್ಲಿ ಇಲ್ಲ.