ನಂಬರ್ ತಪ್ಪುವ ಬೀಗ

“ನನ್ನ ಹೋಂಸ್ಟೇಗೆ ಬಂದವ್ರು ನನ್ನ ಮುಖ ನೋಡೋ ಅಗತ್ಯವೇ ಇಲ್ಲ, ಎಲ್ಲಾ ಸ್ಮಾರ್ಟ್ ಲಾಕ್!” ಎಂದು ದೇವರಮನೆ ರಸ್ತೆಯ ವಿಷ್ಣುಮೂರ್ತಿಯವರು ಘೋಷಿಸಿದರೆ ಎದುರಿನ ಗುಡ್ಡವೂ ಬಗ್ಗಿ ಕೇಳಬೇಕು. ಇವರ ಮಾತಿನಲ್ಲಿ ಆ ಬೀಗ ಮೊದಲು ಕಳ್ಳರನ್ನು ತಡೆಯುತ್ತಿತ್ತು, ಆಮೇಲೆ ಆನೆಯನ್ನು; ಈಗೀಗ ಮಳೆಗಾಲದ ಜಿಗಣೆ ಕೂಡ ನಂಬರ್ ಒತ್ತದೆ ಒಳಗೆ ಬರುವಂತಿಲ್ಲವಂತೆ. ಬಾಗಿಲಿನ ನಂಬರನ್ನು ಅತಿಥಿಗಳ ಮೊಬೈಲಿಗೆ ಕಳಿಸಿದರೆ ಇವರ ಕೆಲಸ ಮುಗಿಯಿತು. ಆದರೆ ಅದರ ಕೊನೆಯ ಅಂಕಿ ಪ್ರತಿಸಲವೂ ತಪ್ಪಿರುತ್ತದೆ. ಬೀಗ ಕೀಂ ಕೀಂ ಅನ್ನುತ್ತದೆ, ಅತಿಥಿಗಳು ಫೋನ್ ಮಾಡುತ್ತಾರೆ, ತೋಟದಾಚೆಯ ಮನೆಯಿಂದ ಇವರು ತಮ್ಮ ನೆರಳನ್ನೇ ಹಿಂದೆ ಬಿಟ್ಟು ಓಡಿಬರುತ್ತಾರೆ. ಬಾಗಿಲು ತೆಗೆದು, ಊರು ಕೇಳಿ, ಮಕ್ಕಳ ಹೆಸರು ಕೇಳಿ, ಜಗಲಿಯಲ್ಲಿ ಕೂತರೆ ಏಳುವುದು ಅತಿಥಿಗಳ ಆಕಳಿಕೆ ಕಂಡ ಮೇಲೆಯೇ. ‘ಬೀಗ ದಂಡ, ಯಜಮಾನರು ಚಿನ್ನ’ ಎಂದು ಅವರೆಲ್ಲ ಇಂಟರ್ನೆಟ್ಟಿನಲ್ಲಿ ಬರೆದು ಹೋಗುತ್ತಾರೆ. ಇವರ ಹೆಂಡತಿ ಸತ್ಯವತಮ್ಮ ಇದ್ದಾಗ ಬಂದವರು ನೇರ ಅಡುಗೆಮನೆಗೇ ಹೋಗಿ, ಕಾಫಿ ಕುಡಿದು, ಕೀಲಿಕೈ ಪಡೆಯುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಬಂದದ್ದು ಈ ಬೀಗ. ಮೊನ್ನೆ ಇವರ ಮನೆಗೆ ಹೋದಾಗ ನೋಡಿದೆ: ಅತಿಥಿಗಳ ಫೋನ್ ಬರುವ ಮೊದಲೇ ಫ್ಲಾಸ್ಕಿಗೆ ಕಾಫಿ ತುಂಬಿ, ಚಪ್ಪಲಿ ಮೆಟ್ಟಿಕೊಂಡು, ಫೋನನ್ನೇ ನೋಡುತ್ತ ನಿಂತಿದ್ದರು. “ಒಂದ್ಸಲ ಸರಿ ನಂಬರ್ ಕಳ್ಸಿ ನೋಡಿ ಮಾರಾಯ್ರೆ,” ಅಂದೆ. “ಒಂದ್ಸಲ ಕಳ್ಸಿದ್ದೆ ಮಾರಾಯ,” ಅಂದರು. “ಅವ್ರು ಬಂದದ್ದೂ ಗೊತ್ತಾಗ್ಲಿಲ್ಲ, ಹೋದದ್ದೂ ಗೊತ್ತಾಗ್ಲಿಲ್ಲ. ಕಳ್ಳರು ಬರೋದೂ ಹಾಗೇ ಅಲ್ವಾ?”